ಊಟಕ್ಕೆ ಮುಂಚೆ ಕಟ್ಟು

ನನ್ನ ಅಕ್ಕ ಬ್ಯಾಂಕಿನಲ್ಲಿ ಸಾಲ ವಸೂಲಿ ನೋಡಿಕೊಳ್ಳುವವಳು. ಹಾಗಂದ ಕೂಡಲೇ ಜನ ದಪ್ಪ ಮೀಸೆಯ ದಾಂಡಿಗರನ್ನು ನೆನೆಸಿಕೊಳ್ಳುತ್ತಾರೆ. ಅಕ್ಕ ಐದಡಿಯೂ ಇಲ್ಲ. ಕಾಟನ್ ಸೀರೆಗೆ ಪಿನ್ನು ಹಾಕಿಕೊಂಡು, ಟಿಫಿನ್ ಡಬ್ಬಿಯ ಚೀಲ ಹಿಡಿದು, ಕಂತು ತಪ್ಪಿಸಿದವರ ಮನೆಗೆ ಹೋಗುತ್ತಾಳೆ. ಅವರು ಕೊಟ್ಟ ಚಹಾ ಕುಡಿಯುತ್ತಾಳೆ, ಅವರ ಕಷ್ಟವನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಏಳುವಾಗ ಮೈಸೂರಿನ ಎಳೆತವಿರುವ ಮಲಯಾಳದಲ್ಲಿ, "ಚೇಟ್ಟಾ, ಈ ಮಾಸಂ ಇಂಟ್ರೆಸ್ಟೆಂಗಿಲುಂ ಅಡಯ್ಕಣಂ" ಅನ್ನುತ್ತಾಳೆ. ಅಣ್ಣಾ, ಈ ತಿಂಗಳು ಬಡ್ಡಿಯನ್ನಾದರೂ ಕಟ್ಟಿ ಎಂದು. ಜನ ಕಟ್ಟುತ್ತಾರೆ. ಈ ಪುಟಾಣಿ ಹೆಂಗಸಿಗೆ ಯಾಕೆ ಹೆದರುತ್ತಾರೋ ಎಂದು ನಾನು ನಗುತ್ತಿದ್ದೆ, ಅವಳ ಮನೆಗೇ ಸಾಲಗಾರಳಾಗಿ ಬಂದು ಕೂರುವ ತನಕ.

ನಾವು ಮೈಸೂರಿನವರು. ಅಪ್ಪನಿಗೆ ತಿರುವನಂತಪುರದ ಒಂದು ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೆಲಸವಿತ್ತು, ಅಕ್ಕನೂ ನಾನೂ ಅಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದೆವು. ನಿವೃತ್ತಿಯಾದ ಮೇಲೆ ಅಪ್ಪ, ಅಮ್ಮ ಮೈಸೂರಿಗೆ ವಾಪಸು ಹೋದರು. ಅಕ್ಕನಿಗೆ ಬ್ಯಾಂಕಿನವರು ಊರೂರು ತಿರುಗಿಸಿ ಕೊನೆಗೆ ಕೊಚ್ಚಿಗೆ ಹಾಕಿದರು. ನಾನು ಮಾತ್ರ ತಿರುವನಂತಪುರದಲ್ಲೇ ಉಳಿದೆ. ಉಳ್ಳೂರಿನ ಹತ್ತಿರ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಇನ್ಶೂರೆನ್ಸ್ ಕಾಗದ ನೋಡುವ ಕೆಲಸ, ಮೂವರು ಹುಡುಗಿಯರ ಜೊತೆ ಒಂದು ಬಾಡಿಗೆ ಮನೆ, ಕೈಯಲ್ಲಿ ಒಂದು ಕ್ರೆಡಿಟ್ ಕಾರ್ಡು.

ಸಾಲ ಹೇಗಾಯಿತು ಎಂದು ಕೇಳಿದವರಿಗೆಲ್ಲ ನನ್ನ ಉತ್ತರದಿಂದ ನಿರಾಸೆಯೇ ಆಗುತ್ತದೆ. ಜೂಜಾಡಿರಲಿಲ್ಲ, ಯಾವನಿಗೋ ಕೊಟ್ಟು ಮೋಸಹೋಗಿರಲಿಲ್ಲ. ಒಂದು ಫೋನು. ಹಲ್ಲಿನ ಬೇರಿನ ಚಿಕಿತ್ಸೆ. ಗೆಳತಿಯ ಮದುವೆಗೆ ವಿಮಾನದ ಟಿಕೆಟ್ಟು. ಕಲಿತು ಮುಗಿಸದ ಒಂದು ಕೋರ್ಸಿನ ಫೀಸು. ಅಷ್ಟರಲ್ಲಿ ಆಸ್ಪತ್ರೆಯವರು ಖರ್ಚು ಕಡಿಮೆ ಮಾಡುತ್ತೇವೆಂದು ನಮ್ಮಲ್ಲಿ ಕೆಲವರನ್ನು ಮನೆಗೆ ಕಳಿಸಿದರು. ಕೆಲಸವಿಲ್ಲದ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ಬಾಡಿಗೆ ಎಲ್ಲ ಕಾರ್ಡಿನ ಮೇಲೆ ಬಿತ್ತು. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದಲ್ಲ, ಪೂರ್ತಿ ಕಟ್ಟಬೇಕಾದ್ದು ಒಂದು, ಮಿನಿಮಮ್ ಎಂದು ಇನ್ನೊಂದು. ನಾನು ಆ ಸಣ್ಣದನ್ನು ಕಟ್ಟಿ, ಅಬ್ಬ, ಈ ತಿಂಗಳು ಬಚಾವ್ ಎಂದುಕೊಳ್ಳುತ್ತಿದ್ದೆ. ಉಳಿದದ್ದು ಬಡ್ಡಿ ಸೇರಿಸಿಕೊಂಡು, ಆ ಬಡ್ಡಿಗೂ ಬಡ್ಡಿ ಸೇರಿಸಿಕೊಂಡು ಹಿಟ್ಟಿನಂತೆ ಉಬ್ಬುತ್ತಾ ಹೋಯಿತು. ಕೊನೆಗೆ ಅದು ನನ್ನ ಒಂದು ವರ್ಷದ ಸಂಬಳಕ್ಕೆ ಹತ್ತಿರ ಬಂದು ನಿಂತಿತು.

ಕೊಚ್ಚಿಗೆ ಬಂದಾಗ ನನಗೆ ಮೂವತ್ತು ದಾಟಿತ್ತು. ಕಲೂರಿನಲ್ಲಿ ಅಕ್ಕನಿಗೆ ಬ್ಯಾಂಕಿನವರು ಕೊಟ್ಟ ಫ್ಲ್ಯಾಟು, ಎರಡು ಕೋಣೆಯದು. ಭಾವನಿಗೂ ಬ್ಯಾಂಕಿನ ಕೆಲಸವೇ, ಆದರೆ ಗುಜರಾತಿನಲ್ಲಿ. ವರ್ಷಕ್ಕೆರಡು ಸಲ ಬಂದು, ಬೇಳೆ ಸಾರು ಚೆನ್ನಾಗಿದೆ ಎಂದು ಹೊಗಳಿ ಹೋಗುವ ಒಳ್ಳೆಯ ಮನುಷ್ಯ. ಮನೆಯಲ್ಲಿದ್ದದ್ದು ಅಕ್ಕ ಮತ್ತು ಎಂಟು ವರ್ಷದ ಮಗಳು. ನನಗೆ ಹಾಲಿನಲ್ಲಿ ದಿವಾನ. ಬಂದ ದಿನವೇ ಅಕ್ಕ ಕೈ ಚಾಚಿ, "ಕೊಡು ಇಲ್ಲಿ ಕಾರ್ಡು" ಅಂದಳು.

"ಕತ್ತರಿಸಿ ಹಾಕ್ತೀಯಾ?" ಎಂದು ಕೇಳಿದೆ.

"ಕತ್ತರಿಸೋದೆಲ್ಲ ಸಿನಿಮಾದವರ ಕೆಲಸ ಕಣೇ. ಪ್ಲಾಸ್ಟಿಕ್ ಹೋಗತ್ತೆ, ಸಾಲ ಎಲ್ಲಿ ಹೋಗತ್ತೆ?" ಕಾರ್ಡನ್ನು ಬೀರುವಿನಲ್ಲಿ ತನ್ನ ಬಳೆಗಳ ಡಬ್ಬಿಯ ಕೆಳಗಿಟ್ಟು ಬೀಗ ಹಾಕಿದಳು. ಆಮೇಲೆ ನನ್ನ ಫೋನು ಇಸಿದುಕೊಂಡು, ಊಟ ತರಿಸುವುದು, ಬಟ್ಟೆ ತರಿಸುವುದು, ಎಲ್ಲ ಆ್ಯಪುಗಳಿಂದಲೂ ಕಾರ್ಡಿನ ನಂಬರನ್ನು ಒಂದೊಂದಾಗಿ ಅಳಿಸಿದಳು. ಬಾಡಿಗೆ ಬೇಡ, ಊಟಕ್ಕೂ ಕೊಡಬೇಡ, ನಿನ್ನ ಬಸ್ಸಿನ ಖರ್ಚು ಇಟ್ಟುಕೊಂಡು ಮಿಕ್ಕಿದ್ದೆಲ್ಲ ಕಾರ್ಡಿಗೆ ಕಟ್ಟು, ತೀರಿದ ಮೇಲೆ ನಿನಗೆ ಬೇಕಾದಲ್ಲಿಗೆ ಹೋಗು ಅಂದಳು. ಅದೇ ನಮ್ಮ ಒಪ್ಪಂದ.

ನನಗೆ ಹೋಗಬೇಕಾಗಿತ್ತು. ಅದನ್ನು ಮುಚ್ಚಿಡುವುದೇನು? ಹುಟ್ಟಿದಾಗಿನಿಂದ ನನ್ನದು ಅಂತ ಒಂದು ಕೋಣೆ ಇರಲಿಲ್ಲ. ಕ್ವಾರ್ಟರ್ಸಿನಲ್ಲಿ ಅಕ್ಕನ ಜೊತೆ, ಹಾಸ್ಟೆಲಿನಲ್ಲಿ ಇನ್ನಾರದೋ ಜೊತೆ, ಬಾಡಿಗೆ ಮನೆಯಲ್ಲಿ ಆ ಮೂವರ ಜೊತೆ, ಈಗ ಟಿವಿಯ ಎದುರಿನ ದಿವಾನದ ಮೇಲೆ. ಒಳಗಿನಿಂದ ಚಿಲಕ ಹಾಕಿದರೆ ಯಾರೂ ತಟ್ಟದ ಒಂದು ಬಾಗಿಲು ಸಾಕಾಗಿತ್ತು ನನಗೆ. ಕಾರ್ಡು ಸೊನ್ನೆಯಾದ ದಿನ ಆ ಬಾಗಿಲು ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡು, ಮಿಕ್ಕ ಯಾವುದನ್ನೂ ಯೋಚಿಸದೆ ದಿನ ತಳ್ಳತೊಡಗಿದೆ.

ವಲ್ಲಾರ್ಪಾಡಂ ದ್ವೀಪದ ಬಂದರಿನಲ್ಲಿ ಒಂದು ಸರಕು ಸಾಗಣೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಡಗಿನಿಂದ ಇಳಿಯುವ, ಹಡಗಿಗೆ ಏರುವ ಕಂಟೇನರುಗಳ ನಂಬರು ಟೈಪು ಮಾಡುವುದು. ಯಾರದೋ ಗೋಡಂಬಿ, ಯಾರದೋ ನೆಲದ ಟೈಲ್ಸು. ಬೆಳಗ್ಗೆ ಬಸ್ಸು ಸೇತುವೆ ಹತ್ತಿದಾಗ ಎರಡೂ ಕಡೆ ನೀರು ಕಾಣುತ್ತದೆ, ಹೊಸಬರು ಫೋನು ಎತ್ತಿ ಫೋಟೊ ತೆಗೆಯುತ್ತಾರೆ. ನಾನು ಒಂದು ಸಲವೂ ತೆಗೆಯಲಿಲ್ಲ. ಸಂಜೆ ವಾಪಸು ಬಂದು, ಕೆಳಗಿನ ಮನೆಯವರ ಹತ್ತಿರ ಬಿಟ್ಟಿರುತ್ತಿದ್ದ ಮಗುವನ್ನು ಕರೆದುಕೊಂಡು ಮೇಲೆ ಹೋಗುತ್ತಿದ್ದೆ. ಅವಳು ಮೆಟ್ಟಿಲಲ್ಲೇ, "ಚಿಕ್ಕೀ, ವಿಶಕ್ಕುನ್ನು" ಎಂದು ಹಸಿವು ಹೇಳಿಕೊಳ್ಳುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು, ಇಬ್ಬರಿಗೂ ಅದೇ ಸರಿಯಾಗಿತ್ತು. ಉಪ್ಪಿಟ್ಟು ಕೆದಕಿ ಕೊಟ್ಟು, ಮಗ್ಗಿ ಹೇಳಿಸಿ, ಅನ್ನಕ್ಕಿಟ್ಟು, ಬಟ್ಟೆ ಮಡಚುವಷ್ಟರಲ್ಲಿ ಅಕ್ಕ ಬರುತ್ತಿದ್ದಳು. ಸ್ಟೇಡಿಯಮ್ಮಿನಲ್ಲಿ ಫುಟ್‌ಬಾಲ್ ಮ್ಯಾಚಿದ್ದ ದಿನ ಕಲೂರಿನ ರಸ್ತೆಯ ತುಂಬ ಹಳದಿ ಅಂಗಿಯ ಜನ ಕೂಗಾಡುತ್ತಾ ಹೋಗುತ್ತಿದ್ದರು. ಮಗು ಬಾಲ್ಕನಿಯಲ್ಲಿ ನಿಂತು ತಾನೂ ಕೂಗುತ್ತಿತ್ತು. ನಾನು ಒಳಗೆ ಬೀನ್ಸ್ ಸೋಸುತ್ತಾ, ಇಷ್ಟೊಂದು ಜನಕ್ಕೆ ಒಟ್ಟಿಗೆ ಖುಷಿ ಹೇಗಪ್ಪಾ ಆಗುತ್ತದೆ ಎಂದುಕೊಳ್ಳುತ್ತಿದ್ದೆ. ಬೇಸರವೂ ಅಲ್ಲ ಅದು. ಬೇಸರ ಪಡಲಿಕ್ಕೂ ಒಂದಿಷ್ಟು ಜೀವ ಬೇಕು.

ಸಂಬಳ ಬಂದ ಸಂಜೆ ಮಾತ್ರ ಆ ಮನೆಯಲ್ಲಿ ಒಂದು ಶಾಸ್ತ್ರ ನಡೆಯುತ್ತಿತ್ತು. ಅಕ್ಕ ತಟ್ಟೆ ಹಾಕುತ್ತಿದ್ದಳು, ಬಡಿಸುತ್ತಿರಲಿಲ್ಲ. "ಊಟಕ್ಕೆ ಮುಂಚೆ ಕಟ್ಟು" ಅನ್ನುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ನಾಳೆ ನೋಡಿಕೊಂಡರಾಯಿತು ಅನ್ನಿಸುತ್ತದಂತೆ, ಇಷ್ಟು ವರ್ಷದ ವಸೂಲಿಯಲ್ಲಿ ಅವಳು ಕಲಿತದ್ದು ಅದೊಂದೇ ಅಂತೆ. ನಾನು ಫೋನು ತೆಗೆದು ಹಣ ಹಾಕಿ, ತಲುಪಿದೆ ಎಂಬ ಮೆಸೇಜು ತೋರಿಸಬೇಕು. ಅವಳು ಕನ್ನಡಕ ಏರಿಸಿ ಅದನ್ನು ಓದಿ, ಆಮೇಲೆ ಸೌಟು ಎತ್ತಬೇಕು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಸ್ಕೂಲಿನ ಹುಡುಗಿಯಾ? ಆಮೇಲಾಮೇಲೆ ಉರಿಯುವುದೂ ನಿಂತಿತು.

ಒಮ್ಮೆ ಕಾರ್ಡಿನ ಕಡೆಯಿಂದ ಒಬ್ಬ ಫೋನು ಮಾಡಿ, ಒಂದೇ ಸಲಕ್ಕೆ ಅರ್ಧ ಕಟ್ಟಿದರೆ ಮಿಕ್ಕದ್ದು ಮನ್ನಾ, ಸೆಟಲ್‌ಮೆಂಟ್ ಮಾಡಿಕೊಳ್ಳಿ ಅಂದ. ನಾನು ಕುಣಿಯುವುದೊಂದು ಬಾಕಿ. ಮೈಸೂರಿಗೆ ಫೋನು ಮಾಡಿ ಅಪ್ಪನಿಂದ ಆ ಅರ್ಧ ತರಿಸಿಕೊಂಡರೆ ಮುಂದಿನ ತಿಂಗಳೇ ನನ್ನ ಬಾಗಿಲು, ನನ್ನ ಚಿಲಕ. ಅಕ್ಕನಿಗೆ ಹೇಳಿದ್ದೇ ತಡ, ಅವಳು ದೋಸೆ ಮಗುಚುವ ಕೈಯಲ್ಲೇ ಇತ್ತ ತಿರುಗಿದಳು.

"ಥೂ, ಬೇಡ! ಸೆಟಲ್ ಆಯ್ತು ಅಂದ್ರೆ ತೀರ್ತು ಅಂತಲ್ಲ ಕಣೇ. ಪೂರ್ತಿ ಕೊಡಕ್ಕಾಗದವಳು ಅಂತ ವರ್ಷಗಟ್ಲೆ ನಿನ್ನ ಹೆಸರಿಗೆ ಅಂಟ್ಕೊಂಡಿರತ್ತೆ. ನಾಳೆ ಒಂದು ಸ್ಕೂಟರ್ ಸಾಲಕ್ಕೆ ಹೋದ್ರೂ ನನ್ನಂಥವಳೇ ಒಬ್ಬಳು ಅದನ್ನ ನೋಡಿ ಮುಖ ಗಂಟಿಕ್ಕಿ ಕಳಿಸ್ತಾಳೆ. ಪೂರ್ತಿ ಕಟ್ಟು."

"ಹಾಗಾದ್ರೆ ಇನ್ನೂ ಎಷ್ಟು ತಿಂಗಳು ನಾನು ಹೀಗೇ..."

"ಎಷ್ಟಾದ್ರೂ ಆಗ್ಲಿ. ಮಿನಿಮಮ್ ಕಟ್ಕೊಂಡು ಕೂತವರನ್ನ ಕಾರ್ಡಿನವರು ಎತ್ತಿ ಮುದ್ದಾಡ್ತಾರೆ, ಬಿಡೋದೇ ಇಲ್ಲ. ಪೂರ್ತಿ ಕಟ್ಟಿದವರನ್ನ ಹಿಡ್ಕೊಳ್ಳಕ್ಕೆ ಯಾರ ಕೈಲೂ ಆಗಲ್ಲ. ನೀನು ಹಾಗೆ ಹೋಗ್ಬೇಕು." ದೋಸೆ ಸೀದು ಹೋಯಿತು. ಸೀದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು ಅವಳೇ ತಿಂದಳು.

ಹೀಗೆ ಎರಡು ವರ್ಷದ ಮೇಲಾಯಿತು. ಮೊತ್ತ ಇಳಿಯುತ್ತಾ ಬಂತು. ಇನ್ನು ಕೊನೆಯ ಒಂದು ಕಂತು ಅನ್ನುವಾಗ ಉಳ್ಳೂರಿನ ಹಳೆಯ ಆಸ್ಪತ್ರೆಯ ಮೇಲ್ವಿಚಾರಕಿ ಫೋನು ಮಾಡಿ, ಈಗ ತಾನು ಪಕ್ಕದ ಇನ್ನೊಂದು ಆಸ್ಪತ್ರೆಯಲ್ಲಿದ್ದೇನೆ, ಅದೇ ಇನ್ಶೂರೆನ್ಸ್ ಕೆಲಸ ಇದೆ, ಬರುತ್ತೀಯಾ ಎಂದು ಕೇಳಿದಳು. ಒಂದು ಶನಿವಾರ ರೈಲು ಹತ್ತಿ ಹೋಗಿ ಮಾತಾಡಿದೆ, ಕೆಲಸ ಖಾತ್ರಿಯಾಯಿತು. ಅಲ್ಲಿಂದಲೇ ಮನೆ ನೋಡಲು ಹೋದೆ. ಮೆಡಿಕಲ್ ಕಾಲೇಜಿನ ಹಿಂದಿನ ಇಳಿಜಾರಿನಲ್ಲಿ ಒಂದು ಮನೆಯ ಮಹಡಿ: ಒಂದು ಕೋಣೆ, ಒಂದು ಅಡಿಗೆಮನೆ, ಹೊರಗಿನಿಂದಲೇ ಹತ್ತುವ ಮೆಟ್ಟಿಲು. ಮನೆಯ ಒಡತಿ, ಅಕ್ಕ ಅನ್ನುವಂತೆ ಎಲ್ಲರೂ ಚೇಚಿ ಅನ್ನುವ ವಯಸ್ಸಾದ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಟ್ಟಯ್ಕಾಣೋ?" ಎಂದು ಕೇಳಿದರು. ಒಬ್ಬಳೇನಾ ಎಂದು. ಹೌದು ಅಂದೆ. ಗಂಡ ಎಲ್ಲಿ, ಇಲ್ಲವೇ, ಯಾಕಿಲ್ಲ, ಎಲ್ಲವೂ ಆಯಿತು. ಮಾಂಸ ತಿನ್ನುವುದಿಲ್ಲ ಅಂದಾಗ, "ಮೀನುಂ ಕಳಿಕ್ಕಿಲ್ಲೇ?" ಎಂದು ಉದ್ಗಾರ ತೆಗೆದರು. ಗಂಡನಿಲ್ಲದ್ದಕ್ಕಿಂತ ಮೀನಿಲ್ಲದ್ದಕ್ಕೇ ಅವರಿಗೆ ಹೆಚ್ಚು ಪಾಪ ಅನ್ನಿಸಿದಂತಿತ್ತು. ಕೊನೆಗೆ, ಮುಂದಿನ ತಿಂಗಳ ಮೊದಲ ವಾರದವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಅಡ್ವಾನ್ಸು ಕೊಡದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಅಂದರು.

ಸಾಲ ಇಟ್ಟುಕೊಂಡು ಅಡ್ವಾನ್ಸು ಕೊಡಬಾರದು ಎಂದು ಅಕ್ಕ ಮೊದಲೇ ಹೇಳಿದ್ದಳು, ಅದು ನನಗೂ ಸರಿ ಕಂಡಿತ್ತು. ಕಾಲು ಕಿತ್ತುಕೊಂಡು ಹೋಗುವಾಗ ಒಂದು ದಾರ ಸಿಕ್ಕಿಕೊಂಡಿರಬಾರದು. ಆಫೀಸಿನಲ್ಲಿ ಓಣಂ ಬೋನಸ್ಸು ಕೊಟ್ಟಿದ್ದರು. ಬೋನಸ್ಸು ಅಡ್ವಾನ್ಸಿಗೆ, ಸಂಬಳ ಕಾರ್ಡಿಗೆ. ಆ ತಿಂಗಳು ಪೂರ್ತಿ ಕಟ್ಟಿದರೆ ಆ ಮನೆ ನನ್ನದು, ಇಲ್ಲದಿದ್ದರೆ ಇಲ್ಲ. ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು "ಒಳ್ಳೇದಾಯ್ತು" ಅಂದಳು. ಅದಾದ ಮೇಲೆ, ಎಷ್ಟು ಉಳಿದಿದೆ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದವಳು ಕೇಳುವುದನ್ನು ಬಿಟ್ಟಳು. ಕೆಲಸದ ಒತ್ತಡ ಎಂದುಕೊಂಡೆ.

ಸಂಬಳ ಬಂತು. ಸಂಜೆ ಊಟದ ಮೇಜಿನ ಎದುರು ಫೋನು ಹಿಡಿದು ಕೂತೆ. ಅಕ್ಕ ತಟ್ಟೆ ಹಾಕಿದಳು. ಹಾಕಿದವಳು ನೇರ ಅನ್ನ ಬಡಿಸಿಬಿಟ್ಟಳು.

"ತಡಿ, ಇನ್ನೂ ಕಟ್ಟಿಲ್ಲ" ಅಂದೆ.

"ಊಟ ಮಾಡು ಮೊದ್ಲು." ಹುಳಿ ಬಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಈ ತಿಂಗಳು ಮಿನಿಮಮ್ ಕಟ್ಟು, ಸಾಕು."

ನನಗೆ ಕಿವಿ ಸರಿಯಿಲ್ಲವೇನೋ ಅನ್ನಿಸಿತು. "ಏನಂದೆ?"

"ಮಿನಿಮಮ್ ಕಟ್ಟು ಅಂದೆ. ಇವಳ ಸ್ಕೂಲಿನ ವ್ಯಾನಿಗೆ ಕೊಡ್ಬೇಕು, ವಾಷಿಂಗ್ ಮೆಷಿನ್ ಬೇರೆ ಸದ್ದು ಮಾಡ್ತಿದೆ. ನಿನ್ನ ಹತ್ರ ಇರ್ಲಿ ದುಡ್ಡು, ಬೇಕಾಗತ್ತೆ. ಒಂದೆರಡು ತಿಂಗಳು ತಡ ಆದ್ರೆ ಆಕಾಶ ಬೀಳತ್ತಾ?"

ಅವಳ ಸಂಬಳ ನನ್ನದರ ಮೂರು ಪಾಲು. ವ್ಯಾನಿನ ದುಡ್ಡನ್ನು ಅವಳು ಎಂದೂ ನನ್ನಿಂದ ಕೇಳಿದವಳಲ್ಲ. ವಾಷಿಂಗ್ ಮೆಷಿನ್ನು ನಾನು ಬಂದ ದಿನದಿಂದಲೂ ಸದ್ದು ಮಾಡುತ್ತಿತ್ತು. ಮಗು ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿತು. ನನಗೆ ಆ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಊರವರಿಗೆಲ್ಲ ಬುದ್ಧಿ ಹೇಳುವ ವಸೂಲಿ ಅಧಿಕಾರಿಯ ಬಾಯಿಂದ ಆ ಮಾತು ಬರಬೇಕಾದರೆ ಒಳಗೆ ಏನಾಗುತ್ತಿರಬೇಕು ಎಂದು ತಿಳಿಯದಷ್ಟು ದಡ್ಡಿಯೇನಲ್ಲ ನಾನು. ತಿಳಿದೂ ಮನಸ್ಸು ಅಲ್ಲಾಡಲಿಲ್ಲ. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಳಿಜಾರಿನ ಆ ಮಹಡಿ, ಹೊರಗಿನ ಆ ಮೆಟ್ಟಿಲು ಮಾತ್ರ ಕಣ್ಣೆದುರಿಗಿತ್ತು. ಪೂರ್ತಿ ಮೊತ್ತ ಒತ್ತಿದೆ. ತಲುಪಿದ ಮೆಸೇಜು ಬಂತು. ಎಂದಿನಂತೆ ಅದನ್ನು ಅವಳ ಕಡೆ ತಿರುಗಿಸಿದೆ. ಅವಳು ಕನ್ನಡಕ ಏರಿಸಲಿಲ್ಲ.

"ಹುಳಿ ಆರ್ತಿದೆ, ತಿನ್ನು" ಅಂದಳು.

ಸೊನ್ನೆಯಾದರೆ ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಅನ್ನ ತಿಂದು ತಟ್ಟೆ ತೊಳೆದೆ. ಮಾರನೆಯ ದಿನ ಚೇಚಿಗೆ ಅಡ್ವಾನ್ಸು ಕಳಿಸಿದೆ. ಬಡ್ಡಿಯ ಚೂರುಪಾರು ಏನೋ ಉಳಿದಿತ್ತಂತೆ, ಅದನ್ನೂ ಕಟ್ಟಿ ಕಾರ್ಡು ಮುಚ್ಚಿಸಿ, ಬಾಕಿ ಇಲ್ಲವೆಂಬ ಪತ್ರ ತರಿಸಿಕೊಂಡೆ. ಆಫೀಸಿಗೆ ರಾಜೀನಾಮೆ ಕೊಟ್ಟೆ. ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಹಾಲು ತಂದೆಯಾ, ಗ್ಯಾಸು ಬಂತಾ, ಅಷ್ಟೇ. ಕೆಳಗಿನ ಮನೆಯವರ ಹತ್ತಿರ ಹೋಗಿ, ಇನ್ನು ಮುಂದೆ ಮಗುವನ್ನು ತಾನು ಬರುವ ತನಕ ಇಟ್ಟುಕೊಳ್ಳಬೇಕು ಎಂದು ಹೇಳಿಬಂದಳು. ಎಷ್ಟು ಕೊಡಬೇಕೆಂದೂ ಮಾತಾಡಿಕೊಂಡು ಬಂದಳು.

ಹೊರಡುವ ಹಿಂದಿನ ಸಂಜೆ ಮಗು ಬಾಲ್ಕನಿಯಲ್ಲಿ ಆಡುತ್ತಿತ್ತು. ಅಕ್ಕ ಹಾಲಿನಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಇಷ್ಟು ದಿನ ಬಿಟ್ಟಿ ಇದ್ದುಬಿಟ್ಟೆನಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ಬೋನಸ್ಸಿನಲ್ಲಿ ಮಿಕ್ಕಿದ್ದನ್ನು ಒಂದು ಕವರಿನಲ್ಲಿ ಹಾಕಿ ಅವಳ ಪಕ್ಕದಲ್ಲಿಟ್ಟು, "ಅಕ್ಕ, ಇದು ನನ್ನ ಊಟಕ್ಕೆ, ಇಲ್ಲಿದ್ದಿದ್ದಕ್ಕೆ. ಉಳಿದಿದ್ದು ತಿಂಗಳು ತಿಂಗಳು ಕಳಿಸ್ತೀನಿ" ಅಂದೆ.

ಅವಳ ಮುಖ ಕೆಂಪಾಯಿತು. "ಏನಂದ್ಕೊಂಡಿದೀಯ ನನ್ನ? ನಾನೇನು ಬ್ಯಾಂಕಾ?"

"ಇಷ್ಟು ದಿನ ಮತ್ತೇನಾಗಿದ್ದೆ? ದುಡ್ಡು ಕಟ್ಟಿದ್ ಮೇಲೇ ಅಲ್ವಾ ನೀನು ಅನ್ನ ಹಾಕ್ತಿದ್ದಿದ್ದು?"

ಬಾಯಿಂದ ಬಂದುಬಿಟ್ಟಿತು. ಎರಡು ವರ್ಷ ಸತ್ತಂತಿದ್ದ ಸಿಟ್ಟು ಹುಡುಕಿ ಹುಡುಕಿ ಆ ಹೊತ್ತಿಗೇ ಬರಬೇಕಾ? ಅಕ್ಕ ಕವರನ್ನು ನನ್ನ ಕಡೆಗೆ ತಳ್ಳಿದಳು. ಮಗುವಿನ ಯೂನಿಫಾರ್ಮನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವತ್ತು ಮಿನಿಮಮ್ ಕಟ್ಟು ಅಂದ್ನಲ್ಲ, ನಾನು ಯಾಕೆ ಹಾಗಂದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಗೊತ್ತಾಗಿನೂ ಪೂರ್ತಿ ಕಟ್ಟಿದೆ."

"ಹೂಂ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಒಳ್ಳೇದು ಮಾಡ್ದೆ ಬಿಡು. ಇಲ್ದಿದ್ರೆ ನಾನು ನಿನ್ನ ಬಿಡ್ತಾನೇ ಇರ್ಲಿಲ್ಲ" ಅಂದಳು. ಹಾಗಂದು, ನನ್ನ ಬಟ್ಟೆಗಳ ರಾಶಿಯನ್ನು ಬೇರೆ ಮಾಡಿ, ಒಂದೊಂದನ್ನೇ ಕೈಯಿಂದ ನೀವಿ ನನ್ನ ಸೂಟ್‌ಕೇಸಿನಲ್ಲಿ ಜೋಡಿಸತೊಡಗಿದಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆ ಮನೆಗೆ ಬಂದಾಗಿನಿಂದ ಮೊದಲ ಸಲ ನನಗೆ ಅಲ್ಲಿಂದ ಹೋಗಲು ಮನಸ್ಸಾಗಲಿಲ್ಲ. ಮಾರನೆಯ ದಿನ ಬೆಳಗಿನ ರೈಲಿಗೆ ಹೊರಟುಹೋದೆ.